ಸ್ವಿಸ್ ಫ್ರಾಂಕ್ ಯಾಕೆ ಇಷ್ಟು ಗಟ್ಟಿ? ಅಷ್ಟು ದುಬಾರಿ ದೇಶದ ಸಾಮಾನು ಕೊಳ್ಳುವವರು ಯಾರು?

ಬೆಣ್ಣೆದೋಸೆ_ಅಕ್ಕ
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಆರು ವರ್ಷದಿಂದ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿದ್ದಾನೆ. ಹೋದ ವಾರ ರಜಕ್ಕೆ ದಾವಣಗೆರೆಗೆ ಬಂದ. ಅವನ ಪ್ಯಾಂಟು ಒಗೆಯಲು ಹಾಕುವಾಗ ಜೇಬಿನಿಂದ ಚಿಲ್ಲರೆ ಬಿತ್ತು. ಅದರಲ್ಲಿ ಒಂದು ಪುಟ್ಟ ಬಿಳಿ ನಾಣ್ಯ, ನಮ್ಮ ಹಳೆಯ 25 ಪೈಸೆಯಷ್ಟಿದೆ. 10 ರಾಪೆನ್ ಅಂತೆ, ಅಂದರೆ ಅವರ ಹತ್ತು ಪೈಸೆ. ಇಸವಿ ನೋಡಿದರೆ 1921!

"ಇದನ್ನು ಯಾವ ಸಂತೆಯಲ್ಲಿ ಕೊಂಡೆಯೋ" ಎಂದು ಕೇಳಿದೆ. "ಕೊಂಡಿದ್ದಲ್ಲ ಅಕ್ಕ, ಬ್ರೆಡ್ ಅಂಗಡಿಯವಳು ಚಿಲ್ಲರೆ ಕೊಟ್ಟಿದ್ದು. ಇವತ್ತಿಗೂ ನಡೆಯುತ್ತೆ" ಎಂದ. ನಮ್ಮಲ್ಲಿ 25 ಪೈಸೆ ಹೋಗಿ ಎಷ್ಟೋ ವರ್ಷ ಆಯಿತು. ಅಲ್ಲಿ ನೂರು ವರ್ಷದ ಹಿಂದಿನ ಹತ್ತು ಪೈಸೆ ಕೊಟ್ಟರೆ ಅಂಗಡಿಯವಳು ತಿರುಗಿಸಿಯೂ ನೋಡುವುದಿಲ್ಲ.

ಅಲ್ಲಿಂದ ಮನೆಯಲ್ಲಿ ಜಗಳ ಶುರುವಾಯಿತು. ನಮ್ಮ ಯಜಮಾನರು "ಅದೆಲ್ಲ ಬ್ಯಾಂಕಿನಲ್ಲಿರುವ ಕಪ್ಪು ಹಣದ ಮಹಿಮೆ, ಜೊತೆಗೆ ವಾಚು, ಚಾಕೊಲೇಟು" ಎನ್ನುತ್ತಾರೆ. ತಮ್ಮ "ಭಾವ, ಅವರು ಬದುಕುವುದು ಮಾತ್ರೆ ಮಾರಿ" ಎನ್ನುತ್ತಾನೆ. ಸೋತವರು ಭಾನುವಾರ ಇಡೀ ಮನೆಗೆ ಮಂಡಕ್ಕಿ ಮಿರ್ಚಿ ಮಾಡಬೇಕು ಎಂದು ಪಂದ್ಯ ಆಗಿದೆ.

ನನ್ನ ಪ್ರಶ್ನೆ ಬೇರೆ. ಅಲ್ಲಿ ಹೋಟೆಲಿನಲ್ಲಿ ಒಂದು ಕಾಫಿಗೇ ಐದು ಫ್ರಾಂಕ್, ಅಂದರೆ ಐನೂರು ರೂಪಾಯಿಗೂ ಮೇಲೆ. ಕೂಲಿ ಜಾಸ್ತಿ, ಹಣ ದುಬಾರಿ. ಹಾಗಿದ್ದರೆ ಅವರ ಸಾಮಾನೂ ಎಲ್ಲರಿಗೂ ದುಬಾರಿಯಾಗಬೇಕು ಅಲ್ವಾ? ಕೊಳ್ಳುವವರು ಯಾರು?

ಸುಮ್ನೆ_ಒಬ್ಬ
ಮಂಡಕ್ಕಿ ಮಿರ್ಚಿಗೆ ನಮ್ಮನ್ನೂ ಕರೆಯಿರಿ ಅಕ್ಕ. ಉತ್ತರ ಆಮೇಲೆ ನೋಡೋಣ.

ರೈನ್_ದಂಡೆ
ನಾನೂ ಬಾಸೆಲ್‌ನವನೇ. ನಿಮ್ಮ ತಮ್ಮ ಗೆದ್ದ. 2024ರಲ್ಲಿ ಸ್ವಿಟ್ಜರ್‌ಲೆಂಡಿನ ರಫ್ತು ಸುಮಾರು 283 ಬಿಲಿಯನ್ ಫ್ರಾಂಕ್, ಚಿನ್ನದ ಲೆಕ್ಕ ಬಿಟ್ಟು. ಅದರಲ್ಲಿ ಔಷಧಿ, ರಾಸಾಯನಿಕದ್ದೇ 149 ಬಿಲಿಯನ್. ವಾಚು 26 ಬಿಲಿಯನ್ ಆಸುಪಾಸು. ಚಾಕೊಲೇಟು ಇವುಗಳ ಪಕ್ಕದಲ್ಲಿ ಊಟಕ್ಕೆ ಉಪ್ಪಿನಕಾಯಿ ಇದ್ದಂತೆ.

ನನ್ನ ಅಡುಗೆಮನೆ ಕಿಟಕಿಯಿಂದ ರೋಶ್ ಎಂಬ ಔಷಧಿ ಕಂಪನಿಯ ಎರಡು ಬಿಳಿ ಗೋಪುರ ಕಾಣುತ್ತವೆ. ಒಂದು 178 ಮೀಟರ್, ಇನ್ನೊಂದು 205 ಮೀಟರ್. ಊರಿನ ಯಾವ ಮೂಲೆಯಲ್ಲಿ ದಾರಿ ತಪ್ಪಿದರೂ ಅವನ್ನು ನೋಡಿ ದಿಕ್ಕು ಹಿಡಿಯಬಹುದು. ನದಿಯ ಆಚೆ ದಡದಲ್ಲಿ ಇನ್ನೊಂದು ಔಷಧಿ ಕಂಪನಿ, ನೊವಾರ್ಟಿಸ್. ಈ ಊರಿನಲ್ಲಿ ಅನ್ನ ಹಾಕುವುದು ಯಾರು ಎಂದು ಯಾರನ್ನೂ ಕೇಳಬೇಕಾಗಿಲ್ಲ.

ವಾಚ್_ಹುಚ್ಚ
ಸ್ವಲ್ಪ ತಡೀರಿ. ವಾಚನ್ನು ಬರೀ ಬಿಲಿಯನ್ ಲೆಕ್ಕದಲ್ಲಿ ಅಳೆಯಬೇಡಿ. ಅಕ್ಕ ಕೇಳಿದ ಎರಡನೇ ಪ್ರಶ್ನೆಗೆ ಉತ್ತರ ಇರುವುದೇ ವಾಚಿನ ಕತೆಯಲ್ಲಿ.

1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕ್ವಾರ್ಟ್ಜ್, ಅಂದರೆ ಬ್ಯಾಟರಿಯಿಂದ ನಡೆಯುವ ಕೈಗಡಿಯಾರ ಮಾರುಕಟ್ಟೆಗೆ ಬಿಟ್ಟಿತು. ತಮಾಷೆ ಏನೆಂದರೆ ನೋಶಾಟೆಲ್‌ನ ಸ್ವಿಸ್ ಎಂಜಿನಿಯರುಗಳ ಕೈಯಲ್ಲೂ ಕ್ವಾರ್ಟ್ಜ್ ಇತ್ತು. ಆದರೆ ಅವರಿಗೆ ಗೇರು, ಸ್ಪ್ರಿಂಗಿನ ಮೇಲೇ ಪ್ರೀತಿ. ಅದೇ ಹೊತ್ತಿಗೆ ಡಾಲರ್ ಕುಸಿದು ಫ್ರಾಂಕ್ ಏರಿತು. ಎರಡೂ ಕಡೆಯಿಂದ ಹೊಡೆತ. 1970ರಲ್ಲಿ ಸುಮಾರು 90,000 ಜನರಿಗೆ ಕೆಲಸ ಕೊಟ್ಟಿದ್ದ ಕಸುಬು 80ರ ದಶಕದ ನಡುವಿನ ಹೊತ್ತಿಗೆ 30,000ದ ಆಸುಪಾಸಿಗೆ ಬಂತು. ಲಾ ಶೋ ದ ಫೋನ್, ಲ ಲೋಕ್ಲ್ ಎಂಬ ಊರುಗಳಲ್ಲಿ ಬೀದಿಗೆ ಬೀದಿಯೇ ಖಾಲಿ.

1983ರಲ್ಲಿ ಸ್ವಾಚ್ ಬಂತು. ಪ್ಲಾಸ್ಟಿಕ್ ಮೈ, 51 ಬಿಡಿಭಾಗ. ಬಟ್ಟೆಗೆ ತಕ್ಕಂತೆ ಬದಲಿಸುವ ಗಡಿಯಾರ. ಅದು ಉಸಿರು ಕೊಟ್ಟಿತು, ನಿಜ. ಆದರೆ ಇವತ್ತು ದುಡ್ಡು ಬರುವುದು ಅದರಿಂದ ಅಲ್ಲ. ಇವತ್ತು ವರ್ಷಕ್ಕೆ ಹೊರಗೆ ಹೋಗುವುದು ಸುಮಾರು ಒಂದೂವರೆ ಕೋಟಿ ವಾಚು ಅಷ್ಟೇ. ಚೀನಾ ಅದರ ಹತ್ತಾರು ಪಟ್ಟು ಮಾಡುತ್ತದೆ. ಆದರೂ ಹಣದ ಲೆಕ್ಕದಲ್ಲಿ ಸ್ವಿಸ್ಸರೇ ಮೇಲು. ಯಾಕೆ? ಹತ್ತು ಸಾವಿರ ಫ್ರಾಂಕಿನ ವಾಚು ಕೊಳ್ಳುವವನು ಅದು ಹನ್ನೊಂದು ಸಾವಿರ ಆಯಿತು ಎಂದು ಅಂಗಡಿ ಬಿಟ್ಟು ಹೋಗುವುದಿಲ್ಲ. ಇನ್ನೂ ಏರುವ ಮೊದಲೇ ತಗೊಳ್ಳೋಣ ಎನ್ನುತ್ತಾನೆ.

ಸುಮ್ನೆ_ಒಬ್ಬ
ನಮ್ಮ ಮಾವ ಎಚ್‌ಎಂಟಿ ಕಟ್ಟುತ್ತಾರೆ. ದಿನಾ ಕೀ ಕೊಡಬೇಕು. ದಿನಾ ಐದು ನಿಮಿಷ ಹಿಂದೆ. ಆದರೂ ಬಸ್ಸು ತಪ್ಪಿಸಿಕೊಂಡಿದ್ದು ನಾನು ನೋಡಿಲ್ಲ.

ಲೆಕ್ಕಿಗ
ಅಕ್ಕನ ಯಜಮಾನರ ಪರವಾಗಿ ಒಂದು ಮಾತು. ಬ್ಯಾಂಕಿನದು ಸುಳ್ಳಲ್ಲ. 1934ರಲ್ಲಿ ಅವರು ಗ್ರಾಹಕರ ಗುಟ್ಟು ಬಿಟ್ಟುಕೊಡುವುದನ್ನು ಕ್ರಿಮಿನಲ್ ಅಪರಾಧ ಮಾಡಿದರು. ಯುರೋಪಿನಲ್ಲಿ ಯುದ್ಧ, ಗಲಾಟೆ ಆದಾಗೆಲ್ಲ ಹಣ ಅಲ್ಲಿಗೆ ಓಡಿತು. ಆದರೆ ಆ ಕಾಲ ಮುಗಿದಿದೆ. 2019ರಿಂದ ಭಾರತದವರ ಖಾತೆಗಳ ವಿವರ ವರ್ಷವರ್ಷ ನಮ್ಮ ಸರ್ಕಾರಕ್ಕೆ ತಾನಾಗಿಯೇ ಬರುತ್ತಿದೆ. 2023ರ ಮಾರ್ಚ್ 19ರಂದು, ಭಾನುವಾರ, 167 ವರ್ಷ ಹಳೆಯ ಕ್ರೆಡಿಟ್ ಸ್ವಿಸ್ ಬ್ಯಾಂಕನ್ನು ಅಲ್ಲಿನದೇ ಇನ್ನೊಂದು ಬ್ಯಾಂಕು ಯುಬಿಎಸ್ ಬರೀ 3 ಬಿಲಿಯನ್ ಫ್ರಾಂಕಿಗೆ ಕೊಂಡಿತು. ಅಷ್ಟಾದ ಮೇಲೂ ಫ್ರಾಂಕ್ ಅಲುಗಲಿಲ್ಲ. ಬ್ಯಾಂಕು ಬಿದ್ದರೂ ಹಣ ನಿಂತಿತು ಎಂದರೆ ಅದರ ಬೇರು ಬೇರೆ ಕಡೆ ಇದೆ ಎಂದೇ ಅರ್ಥ ಅಲ್ವಾ?

ನನ್ನ ಪ್ರಕಾರ ಬೇರು ಎರಡು. ಒಂದು, ಅಲ್ಲಿ ಬೆಲೆ ಏರುವುದೇ ಕಡಿಮೆ. 2022ರಲ್ಲಿ ಯೂರೋ ದೇಶಗಳಲ್ಲಿ ಹಣದುಬ್ಬರ 10 ಶೇಕಡಾ ದಾಟಿದಾಗ ಸ್ವಿಟ್ಜರ್‌ಲೆಂಡಿನಲ್ಲಿ ಅತಿ ಹೆಚ್ಚು ಎಂದರೆ 3.5. ಇನ್ನೊಂದು, ಅವರು ಕೊಳ್ಳುವುದಕ್ಕಿಂತ ಮಾರುವುದು ಜಾಸ್ತಿ. ಹೊರಗಿನವರು ಆ ಸಾಮಾನು ಬೇಕೆಂದರೆ ಮೊದಲು ಫ್ರಾಂಕ್ ಕೊಳ್ಳಬೇಕು.

ದೇಶಾಭಿಮಾನಿ_77
1970ರಲ್ಲಿ ಒಂದು ಫ್ರಾಂಕ್ ಎರಡು ರೂಪಾಯಿಗಿಂತ ಕಡಿಮೆ ಇತ್ತು! ಇವತ್ತು ನೂರು ದಾಟಿದೆ. ನಮ್ಮವರೂ ರೂಪಾಯಿಯನ್ನು ಹಾಗೆ ಗಟ್ಟಿಯಾಗಿ ಹಿಡಿದಿದ್ದರೆ ನಾವೂ ಇವತ್ತು ಅವರ ಹಾಗೇ ಇರುತ್ತಿದ್ದೆವು. ಎಲ್ಲ ಮನಸ್ಸಿನ ಪ್ರಶ್ನೆ.

ಪೀಣ್ಯ_ಟೂಲ್‌ರೂಮ್
ಸಾರ್, ಮನಸ್ಸು ಮಾಡಿದರೆ ಹಣ ಗಟ್ಟಿ ಆಗುತ್ತೆ ಅನ್ನೋದಾದರೆ ನಾನು ಬೆಳಗ್ಗೆ ಎದ್ದು ಅದನ್ನೇ ಮಾಡುತ್ತಿದ್ದೆ. ನನ್ನದು ಚಿಕ್ಕ ವರ್ಕ್‌ಶಾಪು, ಹದಿನೆಂಟು ಜನ. ಜರ್ಮನಿಗೆ ಬುಷ್, ಪಿನ್ನು ಕಳಿಸುತ್ತೇವೆ. ನಾಳೆ ಬೆಳಗ್ಗೆ ರೂಪಾಯಿ 15 ಶೇಕಡಾ ಏರಿದರೆ ನಾಡಿದ್ದು ನನ್ನ ಆರ್ಡರು ವಿಯೆಟ್ನಾಮಿಗೆ ಹೋಗಿರುತ್ತದೆ. ಹಣ ಗಟ್ಟಿಯಾಗುವುದು ಹೊರಗೆ ಮಾರುವವನಿಗೆ ಹಬ್ಬ ಅಲ್ಲ, ತಲೆನೋವು.

ಸ್ವಿಸ್ಸರು ಹೇಗೆ ತಾಳಿಕೊಂಡರು ಅನ್ನೋದನ್ನು ನಾನು ಮಷಿನ್ ಕಡೆಯಿಂದ ಹೇಳುತ್ತೇನೆ. ನಮ್ಮಲ್ಲಿ ಒಂದು ಸ್ಲೈಡಿಂಗ್ ಹೆಡ್ ಲೇತ್ ಇದೆ, ಲೋಹದ ರಾಡು ಕಡೆಯುವ ಯಂತ್ರ, ಸೆಕೆಂಡ್ ಹ್ಯಾಂಡ್. ಈ ಜಾತಿಯ ಲೇತ್ ಹುಟ್ಟಿದ್ದೇ 1870ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ಜೂರಾ ಬೆಟ್ಟಗಳ ಕಡೆ, ವಾಚಿನ ಸ್ಕ್ರೂ ಮಾಡಲು. ಮಾಮೂಲಿ ಲೇತಿನಲ್ಲಿ ಟೂಲ್ ಕೆಲಸದ ಉದ್ದಕ್ಕೂ ಓಡಾಡುತ್ತದೆ. ಇದರಲ್ಲಿ ರಾಡೇ ಮುಂದೆ ಮುಂದೆ ಬರುತ್ತದೆ. ಕತ್ತರಿಸುವ ಜಾಗದ ಪಕ್ಕದಲ್ಲೇ ಗೈಡ್ ಬುಷ್ ಅದನ್ನು ಹಿಡಿದಿರುತ್ತದೆ. ಹಾಗಾಗಿ ಬೆಂಕಿಕಡ್ಡಿಗಿಂತ ಸಣ್ಣ ಪಿನ್ನೂ ಬಾಗುವುದಿಲ್ಲ, ಅಳತೆ ಐದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲು) ಒಳಗೆ ಬರುತ್ತದೆ. ವಾಚಿಗೆಂದು ಕಲಿತ ಆ ಕೈಚಳಕ ಇವತ್ತು ಮೂಳೆಗೆ ಹಾಕುವ ಸ್ಕ್ರೂ, ಹಲ್ಲಿನ ಇಂಪ್ಲಾಂಟು, ವಿಮಾನದ ಬಿಡಿಭಾಗಕ್ಕೆ ಹೋಗುತ್ತಿದೆ. ಜಾತ್ರೆಯಲ್ಲಿ ಬಳೆ ಕೊಂಡ ಹಾಗೆ ಮೂಳೆಯ ಸ್ಕ್ರೂಗೆ ಯಾರೂ ಚೌಕಾಶಿ ಮಾಡುವುದಿಲ್ಲ.

ಇನ್ನೊಂದು ವಿಷಯ. ನಮ್ಮ ಜಾಲಹಳ್ಳಿಯ ಎಚ್‌ಎಂಟಿ ವಾಚಿಗೆ ಜಪಾನಿನ ಸಿಟಿಜನ್ ಅಂತ ಎಲ್ಲರಿಗೂ ಗೊತ್ತು. ಆದರೆ ಅದಕ್ಕೂ ಮೊದಲು, 1953ರಲ್ಲಿ ಹುಟ್ಟಿದ ಎಚ್‌ಎಂಟಿ ಲೇತ್ ಮಾಡಲು ಶುರು ಮಾಡಿದ್ದು ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ಸಹಾಯದಿಂದ. ನಮ್ಮ ತಂದೆ ಅಲ್ಲಿ ಫಿಟ್ಟರ್ ಆಗಿದ್ದರು. ಸ್ಕ್ರೇಪಿಂಗ್, ಅಂದರೆ ಲೋಹದ ಮೈಯನ್ನು ಕೈಯಿಂದ ಕೆರೆದು ಸಮ ಮಾಡುವ ಕೆಲಸ ಕಲಿಸುವಾಗ ನೀಲಿ ಬಳಿದು ಚುಕ್ಕೆ ಎಣಿಸುವುದು ಬಂದಿದ್ದು ಆ ಕಾಲದಲ್ಲೇ ಎನ್ನುತ್ತಿದ್ದರು. ಒಂದು ಚದರ ಇಂಚಿನಲ್ಲಿ ಎಷ್ಟು ಚುಕ್ಕೆ ಬಂತು ಎಂದು ನಾವು ಮಕ್ಕಳಿಗೂ ಮನೆಯ ನೆಲದ ಮೇಲೆ ತೋರಿಸುತ್ತಿದ್ದರು.

ದೇಶಾಭಿಮಾನಿ_77
ಸರಿ ಸಾರ್, ನಿಮ್ಮ ಅನುಭವಕ್ಕೆ ನಮಸ್ಕಾರ. ಆದರೆ ಅಗ್ಗದ ಹಣ ಇಟ್ಟುಕೊಂಡು ಅಗ್ಗದ ಸಾಮಾನೇ ಮಾರುತ್ತಾ ಕೂತರೆ ಮೇಲೆ ಬರುವುದು ಯಾವಾಗ? ಅದನ್ನೂ ಹೇಳಿ.

ಪೀಣ್ಯ_ಟೂಲ್‌ರೂಮ್
ಅದು ಒಳ್ಳೆಯ ಪ್ರಶ್ನೆ. ಮೊದಲು ಹುಡುಗರು ಬೇಕು. ಅಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಶಾಲೆ ಮುಗಿಸಿ ಕಸುಬು ಕಲಿಯಲು ಸೇರುತ್ತಾರೆ. ವಾರದಲ್ಲಿ ಒಂದೆರಡು ದಿನ ಪಾಠ, ಉಳಿದ ದಿನ ಫ್ಯಾಕ್ಟರಿ. ನಮ್ಮಲ್ಲಿ ಐಟಿಐ ಮಾಡಿದ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ, ಅದಕ್ಕೆ ಅವನು ಡೆಲಿವರಿ ಬೈಕು ಹತ್ತುತ್ತಾನೆ. ಹಣ ಗಟ್ಟಿ ಮಾಡುವ ಮೊದಲು ಅದನ್ನು ಸರಿ ಮಾಡಿ.

ರೈನ್_ದಂಡೆ
ಪೀಣ್ಯದ ಅಣ್ಣ ಹೇಳಿದ 15 ಶೇಕಡಾ ಕತೆ ಇಲ್ಲಿ ನಿಜವಾಗಿಯೇ ನಡೆದಿದೆ. 2011ರ ಸೆಪ್ಟೆಂಬರಿನಲ್ಲಿ ಸ್ವಿಸ್ ನ್ಯಾಷನಲ್ ಬ್ಯಾಂಕ್ (ನಮ್ಮ ರಿಸರ್ವ್ ಬ್ಯಾಂಕ್ ಇದ್ದಂತೆ) "ಒಂದು ಯೂರೋ 1.20 ಫ್ರಾಂಕಿಗಿಂತ ಕೆಳಗೆ ಇಳಿಯಲು ಬಿಡುವುದಿಲ್ಲ" ಎಂದು ಗೆರೆ ಹಾಕಿತ್ತು. ಅದಕ್ಕಾಗಿ ಫ್ರಾಂಕ್ ಅಚ್ಚು ಹಾಕಿ ಹಾಕಿ ಯೂರೋ ಕೊಂಡಿತು. 2015ರ ಜನವರಿ 15, ಬೆಳಗ್ಗೆ ಹತ್ತೂವರೆ. ಯಾರಿಗೂ ಸುಳಿವು ಕೊಡದೆ ಆ ಗೆರೆ ಅಳಿಸಿತು. ನಿಮಿಷಗಳಲ್ಲಿ ಯೂರೋ ಒಂದು ಫ್ರಾಂಕಿಗಿಂತ ಕೆಳಗೆ ಬಿತ್ತು.

ಆಗ ನಾನು ಇಲ್ಲಿಗೆ ಹೊಸಬ. ಆಫೀಸಿನಲ್ಲಿ ಒಬ್ಬರೂ ಕೆಲಸ ಮಾಡಲಿಲ್ಲ. ನನ್ನ ಪಕ್ಕದ ಜರ್ಮನ್ ಹುಡುಗ ಗಡಿಯಾಚೆ ವಾಸ, ಸಂಬಳ ಫ್ರಾಂಕಿನಲ್ಲಿ. ಅವನಿಗೆ ಮನೆ ಬಾಡಿಗೆ ಒಂದೇ ಬೆಳಗ್ಗೆ ಅಗ್ಗವಾಯಿತು, ಎಲ್ಲರಿಗೂ ಕೇಕ್ ತಂದ. ಎದುರು ಮೇಜಿನವಳ ಗಂಡನದು ಮಷಿನ್ ಕಂಪನಿ. ಅವಳು ಆ ಕೇಕ್ ಮುಟ್ಟಲಿಲ್ಲ. ಕೆಲವೇ ವಾರದಲ್ಲಿ ಅವನ ಕಂಪನಿಯಲ್ಲಿ ವಾರಕ್ಕೆ 45 ಗಂಟೆ ಕೆಲಸ, ಸಂಬಳ ಮೊದಲಿನಷ್ಟೇ. ಹಾಗೆ ಗಂಟೆ ಏರಿಸಿದ ಕಂಪನಿಗಳು ಆ ವರ್ಷ ಬಹಳ ಇದ್ದವು.

ವಾರ್ಸಾ_ಕನ್ನಡಿಗ
ಅದೇ ದಿನದ ಇನ್ನೊಂದು ಮುಖ ಇಲ್ಲಿಂದ ಕೇಳಿ. ಪೋಲೆಂಡಿನಲ್ಲಿ 2000ದ ದಶಕದಲ್ಲಿ ಲಕ್ಷಾಂತರ ಜನ ಮನೆ ಸಾಲವನ್ನು ಸ್ವಿಸ್ ಫ್ರಾಂಕಿನಲ್ಲಿ ತೆಗೆದುಕೊಂಡಿದ್ದರು. ಬಡ್ಡಿ ಕಡಿಮೆ ಎಂಬ ಆಸೆ. ಸಂಬಳ ಇಲ್ಲಿನ ಹಣ ಜ್ಲೋಟಿಯಲ್ಲಿ, ಕಂತು ಫ್ರಾಂಕ್ ಲೆಕ್ಕದಲ್ಲಿ. ನನ್ನ ಮನೆ ಮಾಲೀಕರು ಹತ್ತು ವರ್ಷ ಕಂತು ಕಟ್ಟಿದ ಮೇಲೆ ನೋಡಿದರೆ ಜ್ಲೋಟಿ ಲೆಕ್ಕದಲ್ಲಿ ಸಾಲ ಶುರುವಿಗಿಂತ ಜಾಸ್ತಿ! ಅವರು ಒಂದು ದಿನವೂ ಸ್ವಿಟ್ಜರ್‌ಲೆಂಡ್ ನೋಡಿದವರಲ್ಲ. ಕೋರ್ಟಿನ ಕೇಸು ಇನ್ನೂ ನಡೆಯುತ್ತಿದೆ. ಹಂಗೇರಿಯವರು ಮಾತ್ರ ಬಚಾವ್. 2014ರ ಕೊನೆಯಲ್ಲೇ ಅಲ್ಲಿನ ಸರ್ಕಾರ ಇಂಥ ಸಾಲಗಳನ್ನು ಅವರದೇ ಹಣ ಫೋರಿಂಟ್‌ಗೆ ಬದಲಿಸುವ ದರ ಗೊತ್ತು ಮಾಡಿತ್ತು.

ಲೆಕ್ಕಿಗ
ಸಂಬಳ ಯಾವ ಹಣದಲ್ಲೋ ಸಾಲವೂ ಅದೇ ಹಣದಲ್ಲಿ ಇರಬೇಕು. ನಮ್ಮಲ್ಲೂ ದುಬೈ ಸಂಬಳ ನಂಬಿ ಇಲ್ಲಿ ಫ್ಲಾಟ್ ತಗೊಂಡು ಒದ್ದಾಡಿದವರು ಇದ್ದಾರೆ. ಆ ಕತೆ ಈಗ ಬೇಡ.

ಔಷಧಿ_ಅಂಗಡಿ_ಹುಬ್ಬಳ್ಳಿ
ಎಲ್ಲರೂ ಔಷಧಿ ಔಷಧಿ ಎನ್ನುತ್ತಿದ್ದೀರಿ, ಅದು ಬಾಸೆಲ್‌ಗೆ ಹೇಗೆ ಬಂತು ಎಂದು ಯಾರೂ ಹೇಳಲಿಲ್ಲ. ಬಾಸೆಲ್‌ನಲ್ಲಿ ಮೊದಲು ಇದ್ದದ್ದು ರೇಷ್ಮೆ ರಿಬ್ಬನ್ ನೇಯುವ ಕಸುಬು. ರಿಬ್ಬನ್ನಿಗೆ ಬಣ್ಣ ಬೇಕು. 1859ರಲ್ಲಿ ಅಲೆಕ್ಸಾಂಡರ್ ಕ್ಲಾವೆಲ್ ಎಂಬ ಬಣ್ಣಗಾರ ಅಲ್ಲಿ ಕೃತಕ ಕಡುಗೆಂಪು ಬಣ್ಣ ತಯಾರಿಸಲು ಶುರು ಮಾಡಿದ. ಅದೇ ಮುಂದೆ ಸೀಬಾ ಕಂಪನಿ ಆಯಿತು. ಬಣ್ಣದ ರಸಾಯನವೇ ಔಷಧಿಗೆ ಹೊರಳಿತು. ಸೀಬಾ, ಗೈಗಿ ಒಂದಾದವು. ಆಮೇಲೆ 1996ರಲ್ಲಿ ಅವರೂ ಸ್ಯಾಂಡೋಸೂ ಸೇರಿ ನೊವಾರ್ಟಿಸ್.

ಈಗ ಮಜಾ ಕೇಳಿ. ಆಗ ಫ್ರಾನ್ಸಿನಲ್ಲಿ ಪೇಟೆಂಟ್ ಕಾನೂನು ಬಿಗಿ. ಸ್ವಿಟ್ಜರ್‌ಲೆಂಡಿನಲ್ಲಿ 1888ರವರೆಗೆ ಪೇಟೆಂಟ್ ಕಾನೂನೇ ಸರಿಯಾಗಿ ಇರಲಿಲ್ಲ. ರಾಸಾಯನಿಕಗಳ ತಯಾರಿಕೆ ಅದರೊಳಗೆ ಬಂದಿದ್ದು 1907ರಲ್ಲಿ. ಹಾಗಾಗಿ ಫ್ರಾನ್ಸಿನ ರಸಾಯನ ಪಂಡಿತರು ಗಡಿ ದಾಟಿ ಬಾಸೆಲ್‌ಗೆ ಬಂದು ಅದೇ ಬಣ್ಣ ಬೇಯಿಸಿದರು. ಅದೇ ಊರಿನ ಕಂಪನಿ ನೂರು ವರ್ಷ ಆದಮೇಲೆ ಕ್ಯಾನ್ಸರ್ ಮಾತ್ರೆ ಗ್ಲೀವೆಕ್‌ಗೆ ಪೇಟೆಂಟ್ ಬೇಕೆಂದು ನಮ್ಮ ಸುಪ್ರೀಂ ಕೋರ್ಟಿಗೆ ಬಂತು. 2013ರ ಏಪ್ರಿಲ್ 1ರಂದು ಸೋತಿತು. ಹಾಗಾಗಿ ಆ ಮಾತ್ರೆಯ ನಮ್ಮ ದೇಶದ ಜೆನೆರಿಕ್, ಅಂದರೆ ಅದೇ ಔಷಧಿಯನ್ನು ಬೇರೆ ಕಂಪನಿ ಮಾಡಿದ್ದು, ಇವತ್ತು ನನ್ನ ಅಂಗಡಿಯಲ್ಲಿ ಸಿಗುತ್ತದೆ. ತಾವು ಏಣಿ ಹತ್ತಿ ಆಮೇಲೆ ಎಳೆದುಕೊಳ್ಳುವುದು ಅಂದರೆ ಇದೇ.

ರೈನ್_ದಂಡೆ
ಸ್ವಲ್ಪ ನಿಧಾನ ಸಾರ್. ಹೊಸ ಔಷಧಿ ಹುಡುಕಲು ಇವರು ಹಾಕುವ ದುಡ್ಡನ್ನೂ ನೋಡಬೇಕು. ಎಲ್ಲರೂ ಜೆನೆರಿಕ್ಕೇ ಮಾಡಿದರೆ ಮೊದಲನೆಯದನ್ನು ಕಂಡುಹಿಡಿಯುವವರು ಯಾರು?

ಔಷಧಿ_ಅಂಗಡಿ_ಹುಬ್ಬಳ್ಳಿ
ಕಂಡುಹಿಡಿಯಲಿ, ದುಡ್ಡೂ ಮಾಡಲಿ. ಆದರೆ 1880ರಲ್ಲಿ ಅವರಿಗೆ ಒಪ್ಪಿತವಾದದ್ದು 2013ರಲ್ಲಿ ನಮಗೆ ಯಾಕೆ ಕಳ್ಳತನ ಆಗುತ್ತದೆ ಎಂದಷ್ಟೇ ನನ್ನ ಪ್ರಶ್ನೆ. ನೀವು ಸಂಬಳ ತಗೊಳ್ಳುವ ಊರು, ಅರ್ಥವಾಗುತ್ತದೆ ಬಿಡಿ.

ರೈನ್_ದಂಡೆ
ನಾನು ಇರುವುದು ಇನ್ಶೂರೆನ್ಸ್ ಕಂಪನಿಯಲ್ಲಿ ಸಾರ್!

ಕಡಲೂರಿನವ
ಬಾಸೆಲ್ ಬಾಸೆಲ್ ಅಂತ ಇಷ್ಟು ಮಾತಾಡಿಯೂ ಒಬ್ಬರಾದರೂ ಮಂಗಳೂರಿನ ಹೆಸರು ತೆಗೆದಿರಾ ಮಾರಾಯ್ರೆ? ಬಾಸೆಲ್ ಮಿಶನ್‌ನವರು ಅದೇ ಊರಿನಿಂದ 1834ರಲ್ಲಿ ಇಲ್ಲಿಗೆ ಬಂದವರು. ಧರ್ಮ ಪ್ರಚಾರಕ್ಕೆ ಬಂದರು, ಸರಿ. ಜೊತೆಗೆ ನೇಯ್ಗೆ, ಮುದ್ರಣ, ಹೆಂಚು. 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಹೆಂಚಿನ ಕಾರ್ಖಾನೆ ಹಾಕಿದ. ನೇತ್ರಾವತಿ, ಗುರುಪುರ ಹೊಳೆಯ ಜೇಡಿಮಣ್ಣು, ಒಂದರೊಳಗೆ ಒಂದು ಕೂರುವ ಹೆಂಚು. ಅದು ಮುಂಬೈ, ಆಫ್ರಿಕಾ ಎಲ್ಲ ಕಡೆ ಹೋಯಿತು. ನಮ್ಮ ಅಜ್ಜನ ಮನೆ ಮಾಡಿನಿಂದ ಇಳಿಸಿದ ಒಂದು ಹೆಂಚು ಇನ್ನೂ ಅಂಗಳದಲ್ಲಿದೆ. ಹಿಂದೆ ಬಾಸೆಲ್ ಮಿಶನ್ ಎಂದು ಅಚ್ಚು. ಬೆಕ್ಕಿಗೆ ಹಾಲು ಹಾಕುವುದು ಅದರಲ್ಲೇ.

ಖಾಕಿ ಬಣ್ಣವನ್ನೂ ಬಲ್ಮಠದ ನೇಯ್ಗೆ ಶಾಲೆಯಲ್ಲಿ ಹಾಲರ್ ಎಂಬವರು ಗೇರು ಸಿಪ್ಪೆಯಿಂದ ಮಾಡಿದರು ಎಂದು ನಮ್ಮಲ್ಲಿ ಹೇಳುತ್ತಾರೆ. ವ್ಯಾಪಾರ ನೋಡಿಕೊಳ್ಳಲು 1859ರಲ್ಲಿ ಬಾಸೆಲ್‌ನಲ್ಲಿ ಬೇರೆಯೇ ಕಂಪನಿ ಮಾಡಿದ್ದರು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಆಸ್ತಿ ಎಲ್ಲ ಕಿತ್ತುಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ಕೊಟ್ಟರು.

ಸುಮ್ನೆ_ಒಬ್ಬ
ನಮ್ಮೂರಿನ ಪೊಲೀಸರ ಬಣ್ಣ, ಮನೆ ಹೆಂಚು, ಕಿಟೆಲ್ ನಿಘಂಟು ಎಲ್ಲ ಬಾಸೆಲ್ ಲೆಕ್ಕಕ್ಕೆ. ಇನ್ನು ನೀರುದೋಸೆ ಮಾತ್ರ ಉಳಿದಿದೆ.

ಕಡಲೂರಿನವ
ಅದಕ್ಕೆ ಕೈ ಹಾಕಿದರೆ ಸುಮ್ಮನೆ ಬಿಡುವುದಿಲ್ಲ.

ಲೆಕ್ಕಿಗ
ವಿಷಯ ಬಿಟ್ಟು ಹೋಗುತ್ತಿದ್ದೇವೆ, ಆದರೂ ಒಂದು ಸೇರಿಸುತ್ತೇನೆ. ವೋಲ್ಟಾಸ್ ಎಸಿ ಮನೆಯಲ್ಲಿ ಇದ್ದರೆ ನೋಡಿ. ಆ ಹೆಸರಿನ ಮೊದಲರ್ಧ ವೋಲ್‌ಕಾರ್ಟ್. 1851ರಲ್ಲಿ ವಿಂಟರ್‌ಟೂರ್ ಮತ್ತು ಮುಂಬೈ ಎರಡೂ ಕಡೆ ಒಂದೇ ದಿನ ಬಾಗಿಲು ತೆರೆದ ಸ್ವಿಸ್ ವ್ಯಾಪಾರಿ ಮನೆತನ. ಹತ್ತಿ, ಕಾಫಿ ವ್ಯಾಪಾರ. 1954ರಲ್ಲಿ ಟಾಟಾ ಜೊತೆ ಸೇರಿ ವೋಲ್ಟಾಸ್ ಆಯಿತು. ಸಮುದ್ರವೇ ಇಲ್ಲದ ದೇಶ ಕಡಲ ವ್ಯಾಪಾರ ಮಾಡುತ್ತಿತ್ತು. ಇವತ್ತೂ ಜಿನೀವಾ, ತ್ಸೂಗ್ ಊರುಗಳಲ್ಲಿ ಕೂತು ಫೋನಿನಲ್ಲೇ ಎಣ್ಣೆ, ಧಾನ್ಯ, ತಾಮ್ರ ಮಾರುತ್ತಾರೆ. ಆ ಸರಕು ಸ್ವಿಟ್ಜರ್‌ಲೆಂಡಿನ ನೆಲ ಮುಟ್ಟುವುದೇ ಇಲ್ಲ.

ಕಾಫಿ_ಸೀಮೆ
ಕಾಫಿ ಅಂದಿರಲ್ಲ, ನನ್ನ ಹೊಟ್ಟೆ ಉರಿಯನ್ನೂ ಕೇಳಿ. ಸ್ವಿಟ್ಜರ್‌ಲೆಂಡಿನಲ್ಲಿ ಒಂದು ಕಾಫಿ ಗಿಡ ಬೆಳೆಯುವುದಿಲ್ಲ. ಆದರೆ ಅವರ ಕಾಫಿ ರಫ್ತಿನ ಬೆಲೆ ಅವರದ್ದೇ ಚಾಕೊಲೇಟಿಗಿಂತ, ಚೀಸಿಗಿಂತ ಜಾಸ್ತಿ. ಹಸಿ ಬೀಜ ತರಿಸಿ, ಹುರಿದು, ಪುಡಿ ಮಾಡಿ, ಹೆಬ್ಬೆರಳಿನಷ್ಟು ಅಲ್ಯೂಮಿನಿಯಂ ಡಬ್ಬಿಗೆ ತುಂಬಿ ಕಳಿಸುತ್ತಾರೆ. ಒಂದು ಡಬ್ಬಿಯಲ್ಲಿ ಐದಾರು ಗ್ರಾಂ ಪುಡಿ. ಡಬ್ಬಿಯ ಬೆಲೆಯನ್ನು ಕಿಲೋ ಲೆಕ್ಕಕ್ಕೆ ತಂದು ನಮ್ಮ ಚೀಲದ ಬೆಲೆ ಪಕ್ಕ ಇಟ್ಟು ನೋಡಿ, ರಾತ್ರಿ ನಿದ್ದೆ ಬರುವುದಿಲ್ಲ. ಕಾಫಿ ಕುಡಿಯದೆಯೂ!

ಸೋಮವಾರಪೇಟೆ ಕಡೆ ನಾವು ಮಳೆ, ಆನೆ, ಕಾಯಿಕೊರಕ, ಕೂಲಿಯಾಳು ಎಲ್ಲದರ ಜೊತೆ ಗುದ್ದಾಡುತ್ತೇವೆ. ಲಾಭ ಡಬ್ಬಿಯವನಿಗೆ.

ಪೀಣ್ಯ_ಟೂಲ್‌ರೂಮ್
ಡಬ್ಬಿಯವನಿಗೆ ಮಾತ್ರ ಅಲ್ಲ, ಡಬ್ಬಿ ತುಂಬುವ ಮಷಿನ್ ಮಾಡಿದವನಿಗೂ ಸ್ವಲ್ಪ ಹೋಗುತ್ತೆ.

ಚಿನಿವಾರ
ರೈನ್_ದಂಡೆಯವರು "ಚಿನ್ನದ ಲೆಕ್ಕ ಬಿಟ್ಟು" ಎಂದು ಸಲೀಸಾಗಿ ಹೇಳಿಬಿಟ್ಟರು. ಚಿನ್ನ ಬಿಟ್ಟರೆ ಭಾರತಕ್ಕೂ ಸ್ವಿಟ್ಜರ್‌ಲೆಂಡಿಗೂ ಇರುವ ವ್ಯಾಪಾರದಲ್ಲಿ ಉಳಿಯುವುದು ಸ್ವಲ್ಪವೇ! ನಮಗೆ ಬರುವ ಚಿನ್ನದ ದೊಡ್ಡ ಪಾಲು ಅಲ್ಲಿಂದಲೇ.

ಅಲ್ಲಿ ಗಣಿ ಇಲ್ಲ. ಇರುವುದು ಶುದ್ಧ ಮಾಡುವ ಕಾರ್ಖಾನೆ. ದಕ್ಷಿಣದಲ್ಲಿ ಇಟಲಿ ಗಡಿಗೆ ಅಂಟಿಕೊಂಡ ಟಿಚೀನೊ ಎಂಬ ಪ್ರಾಂತ್ಯದ ಸಣ್ಣ ಊರುಗಳಲ್ಲಿ ಮೂರು, ನೋಶಾಟೆಲ್ ಕಡೆ ಒಂದು. ಇಟಲಿಯ ಆಭರಣದವರು ಹತ್ತಿರ, ಕೆಲಸಕ್ಕೆ ದಿನಾ ಗಡಿ ದಾಟಿ ಬರುವ ಇಟಲಿಯ ಜನ. ಲಂಡನ್ನಿನಿಂದ ಬರುವ 12.5 ಕಿಲೋದ ಗಟ್ಟಿಗಳನ್ನು ಕರಗಿಸಿ, ನಮ್ಮ ಮಾರುಕಟ್ಟೆಗೆ ಬೇಕಾದ ಒಂದು ಕಿಲೋ ಬಿಸ್ಕತ್ತು ಮಾಡುತ್ತಾರೆ. ಒಂದು ಕಿಲೋ ಅಂದರೆ ಜನ ಇಟ್ಟಿಗೆಯಷ್ಟು ಎಂದುಕೊಳ್ಳುತ್ತಾರೆ. ಅಲ್ಲ, ಮೊಬೈಲಿನಷ್ಟು. ಮೊದಲ ಸಲ ಅಂಗೈಗೆ ಇಟ್ಟಾಗ ಕೈ ತಾನಾಗಿಯೇ ಕೆಳಗೆ ಜಗ್ಗಿತು. ಕಣ್ಣಿಗೆ ಕಂಡ ಗಾತ್ರಕ್ಕೂ ತೂಕಕ್ಕೂ ಹೊಂದುವುದೇ ಇಲ್ಲ.

ಆ ನಾಲ್ಕರಲ್ಲಿ ಒಂದು ವಾಲ್ಕಾಂಬಿ. 2015ರಲ್ಲಿ ಅದನ್ನು 400 ಮಿಲಿಯನ್ ಡಾಲರಿಗೆ ಕೊಂಡಿದ್ದು ನಮ್ಮ ಬೆಂಗಳೂರಿನ ರಾಜೇಶ್ ಎಕ್ಸ್‌ಪೋರ್ಟ್ಸ್. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಹದಿನಾಲ್ಕು ವರ್ಷಕ್ಕೆ ಬೆಂಗಳೂರಿನವರು ಸ್ವಿಟ್ಜರ್‌ಲೆಂಡಿಗೆ ಹೋಗಿ ಚಿನ್ನದ ಕಾರ್ಖಾನೆ ಕೊಂಡರು.

ಬೆಣ್ಣೆದೋಸೆ_ಅಕ್ಕ
ಅಯ್ಯೋ, ಹಾಗಿದ್ದರೆ ನನ್ನ ಬಳೆಯೂ ಸ್ವಿಟ್ಜರ್‌ಲೆಂಡ್ ನೋಡಿಕೊಂಡು ಬಂದಿರಬಹುದು. ನನಗೇ ಇನ್ನೂ ಆಗಿಲ್ಲ!

ಒಂದು ಅನುಮಾನ. ಭಾರತಕ್ಕೂ ಅವರಿಗೂ ಈಗ ಏನೋ ಒಪ್ಪಂದ ಆಗಿದೆಯಂತಲ್ಲ. ಚಿನ್ನ ಅಗ್ಗ ಆಗುತ್ತಾ?

ಚಿನಿವಾರ
ಇಲ್ಲ ಅಕ್ಕ, ಆಸೆ ಬಿಡಿ. ಅದು 2024ರ ಮಾರ್ಚ್ 10ರಂದು ಸಹಿ ಆಗಿ, 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಸ್ವಿಟ್ಜರ್‌ಲೆಂಡ್ ಜೊತೆ ನಾರ್ವೆ, ಐಸ್‌ಲೆಂಡ್, ಲೀಚ್‌ಟೆನ್‌ಸ್ಟೈನ್ ಕೂಡ ಇವೆ. ವಾಚು, ಚಾಕೊಲೇಟಿನ ಸುಂಕ ವರ್ಷವರ್ಷ ಇಳಿಯುತ್ತದೆ. ಚಿನ್ನಕ್ಕೆ ಕಾಗದದ ಮೇಲಿನ ಗರಿಷ್ಠ ಮಿತಿ ಮಾತ್ರ ಇಳಿದಿದೆ, ನಾವು ನಿಜವಾಗಿ ಕಟ್ಟುವ ಸುಂಕ ಅದಕ್ಕಿಂತ ಎಷ್ಟೋ ಕೆಳಗಿದೆ. ಹಾಗಾಗಿ ಬಳೆಗೆ ಏನೂ ವ್ಯತ್ಯಾಸ ಇಲ್ಲ.

ದೇಶಾಭಿಮಾನಿ_77
ಆ ನಾಲ್ಕು ದೇಶದವರು 15 ವರ್ಷದಲ್ಲಿ 100 ಬಿಲಿಯನ್ ಡಾಲರ್ ಹೂಡಿಕೆ ಬರುತ್ತದೆ ಎಂದು ಬರೆದುಕೊಟ್ಟಿದ್ದಾರೆ. ಅದನ್ನೂ ಹೇಳಿ.

ಲೆಕ್ಕಿಗ
ಬರಲಿ, ಬಂದಾಗ ಎಣಿಸೋಣ. ಇನ್ನೊಂದು ಕಡೆ ನೋಡಿ, ಸ್ವಿಸ್ಸರು 2024ರ ಜನವರಿ 1ರಿಂದ ಕೈಗಾರಿಕಾ ಸಾಮಾನಿನ ಆಮದು ಸುಂಕವನ್ನು ಎಲ್ಲ ದೇಶಕ್ಕೂ ತೆಗೆದೇಬಿಟ್ಟರು. ಹಾಲು, ಮಾಂಸ, ಗೋಧಿ ಮುಟ್ಟಿದರೆ ಮಾತ್ರ ಗೋಡೆ. ಅವರ ರೈತರ ಹತ್ತಿರ ಸುಂಕದ ಮಾತು ಎತ್ತಲು ಯಾರಿಗೂ ಧೈರ್ಯ ಇಲ್ಲ.

ಮತ್ತೆ, ಎಲ್ಲರಿಗೂ ಸುಂಕ ತೆಗೆದವರಿಗೇ 2025ರ ಆಗಸ್ಟಿನಲ್ಲಿ ಅಮೆರಿಕ 39 ಶೇಕಡಾ ಸುಂಕ ಜಡಿಯಿತು. ಪಕ್ಕದ ಯುರೋಪಿಯನ್ ಯೂನಿಯನ್‌ಗೆ 15. ನವೆಂಬರಿನಲ್ಲಿ ಮಾತುಕತೆಯಾಗಿ ಇವರಿಗೂ 15ಕ್ಕೆ ಒಪ್ಪಿಗೆ ಆಯಿತು. ಗುಂಪಿಗೆ ಸೇರದೆ ಒಂಟಿಯಾಗಿ ನಿಂತದ್ದರ ಬೆಲೆ ಅದು.

ರೈನ್_ದಂಡೆ
ಆ ಹಾಲು, ಮಾಂಸದ ಗೋಡೆ ನಮಗೆ ಪ್ರತಿ ಶನಿವಾರ ಕಾಣುತ್ತದೆ. ಬಾಸೆಲ್‌ನಿಂದ 8ನೇ ನಂಬರ್ ಟ್ರಾಮ್ ಹತ್ತಿದರೆ ಜರ್ಮನಿಯ ವೈಲ್ ಆಮ್ ರೈನ್‌ಗೆ ಇಳಿಸುತ್ತದೆ. ಟ್ರಾಮಿನ ತುಂಬ ಖಾಲಿ ಕೈಗಾಡಿಗಳು. ವಾಪಸು ಬರುವಾಗ ಅವೇ ಗಾಡಿಗಳಲ್ಲಿ ಹಾಲು, ಡೈಪರ್, ಶಾಂಪೂ, ಕೋಳಿ. ಕೋಳಿ ಮಾಂಸ ಸುಮಾರು ಅರ್ಧ ಬೆಲೆ. ತಲೆಗೆ ಒಂದು ಕಿಲೋ ಮಾತ್ರ ತರಬಹುದು, ಹಾಗಾಗಿ ಕೂಸನ್ನೂ ಕರೆದುಕೊಂಡು ಹೋಗುವವರಿದ್ದಾರೆ, ಅದೂ ಒಂದು ತಲೆಯೇ ಅಲ್ವಾ!

ಗಡಿಯಲ್ಲಿ ಹಸಿರು ಚೀಟಿ ಹಿಡಿದ ಸಾಲು. ಜರ್ಮನ್ ಕಸ್ಟಮ್ಸ್‌ನವನು ಮುಖ ನೋಡದೆ ಟಪ್ ಟಪ್ ಸೀಲ್ ಹೊಡೆಯುತ್ತಾನೆ. ಆ ಸೀಲ್ ತೋರಿಸಿದರೆ ಅಂಗಡಿಯವರು ಜರ್ಮನಿಯ ತೆರಿಗೆ ವಾಪಸು ಕೊಡುತ್ತಾರೆ, ಬಿಲ್ಲು 50 ಯೂರೋ ದಾಟಿದ್ದರೆ. 2025ರಿಂದ ಸ್ವಿಸ್ ಸರ್ಕಾರ ತೆರಿಗೆ ಇಲ್ಲದೆ ತರುವ ಮಿತಿಯನ್ನು 300 ಫ್ರಾಂಕಿನಿಂದ 150ಕ್ಕೆ ಇಳಿಸಿದೆ. ನಮ್ಮನೆಯವಳು ಈಗ ಎರಡು ಸಲ ಹೋಗುತ್ತಾಳೆ, ಅಷ್ಟೇ ವ್ಯತ್ಯಾಸ.

ನೋಡಿ, ಗಟ್ಟಿ ಹಣ ಇಟ್ಟುಕೊಂಡು ಜನ ಪಕ್ಕದ ದೇಶದಲ್ಲಿ ಕೋಳಿ ಕೊಳ್ಳುತ್ತಾರೆ.

ವಾಚ್_ಹುಚ್ಚ
ಮತ್ತೆ ನಾಣ್ಯಕ್ಕೆ ಬರೋಣ. 10 ರಾಪೆನ್ನಿನ ಚಿತ್ರ 1879ರಿಂದ ಬದಲಾಗಿಲ್ಲ. ಮೂಲ ರೂಪದಲ್ಲೇ ಇನ್ನೂ ಚಲಾವಣೆಯಲ್ಲಿರುವ ಅತಿ ಹಳೆಯ ನಾಣ್ಯ ಎಂದು ಗಿನ್ನೆಸ್ ದಾಖಲೆ ಇದೆ. ಅಕ್ಕನ 1921 ಇನ್ನೂ ಎಳೆಯದು. ಅದರ ಮೇಲೆ ಲ್ಯಾಟಿನ್‌ನಲ್ಲಿ ಕಾನ್ಫೆಡರೇಷಿಯೊ ಹೆಲ್ವೆಟಿಕಾ, ಅಂದರೆ ಸ್ವಿಸ್ ಒಕ್ಕೂಟ ಎಂದಿದೆ. ನಾಲ್ಕು ಭಾಷೆಯ ದೇಶ, ಯಾವುದರಲ್ಲಿ ಬರೆದರೂ ಉಳಿದವರಿಗೆ ಸಿಟ್ಟು, ಅದಕ್ಕೆ ಯಾರದ್ದೂ ಅಲ್ಲದ ಲ್ಯಾಟಿನ್. ಫ್ರಾಂಕಿನ ಗುರುತು ಸಿಎಚ್‌ಎಫ್ ಎಂಬುದರಲ್ಲಿ ಸಿಎಚ್ ಬಂದಿದ್ದೂ ಅಲ್ಲಿಂದಲೇ.

ದೇಶಾಭಿಮಾನಿ_77
ಇದನ್ನು ನಮ್ಮವರೂ ಕಲಿಯಬೇಕು. ನಮ್ಮ ನೋಟಿನಲ್ಲಾದರೂ ಕನ್ನಡ ಇದೆ, ಬ್ಯಾಂಕಿನ ಕೌಂಟರಿನಲ್ಲಿ ಇಲ್ಲ.

ಲೆಕ್ಕಿಗ
ದಯವಿಟ್ಟು ಆ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಅದು ಶುರುವಾದರೆ ಇಲ್ಲಿ ನಾಳೆ ಸಂಜೆಯಾದರೂ ಮುಗಿಯುವುದಿಲ್ಲ.

ಕಾಫಿ_ಸೀಮೆ
1000 ಫ್ರಾಂಕಿನ ನೋಟು ಇದೆಯಂತೆ, ನಿಜವಾ? ಒಂದೇ ನೋಟು ಲಕ್ಷ ರೂಪಾಯಿಗೂ ಮೇಲೆ?

ರೈನ್_ದಂಡೆ
ನಿಜ. ನೇರಳೆ ಬಣ್ಣ, ಎರಡು ಕೈ ಕುಲುಕುವ ಚಿತ್ರ. ಇಷ್ಟು ವರ್ಷದಲ್ಲಿ ನಾನು ಕೈಯಲ್ಲಿ ಹಿಡಿದದ್ದು ಒಂದೇ ಸಲ, ಹಳೆಯ ಕಾರು ಮಾರಿದಾಗ. ಕೊಂಡ ಅಜ್ಜ ಲಕೋಟೆಯಿಂದ ನಾಲ್ಕು ನೋಟು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ನಾನು ಮನೆಗೆ ಬರುವವರೆಗೂ ಜೇಬಿನ ಮೇಲೆ ಕೈ ಇಟ್ಟುಕೊಂಡೇ ಬಂದೆ.

ಬೆಣ್ಣೆದೋಸೆ_ಅಕ್ಕ
ಎಲ್ಲರಿಗೂ ಧನ್ಯವಾದ. ಯಜಮಾನರಿಗೆ ಎಲ್ಲ ಓದಿ ಹೇಳಿದೆ. ಬ್ಯಾಂಕಿನ ಮಾತು ಪೂರ್ತಿ ಸುಳ್ಳಲ್ಲ ಎಂದು ಲೆಕ್ಕಿಗ ಅವರು ಹೇಳಿದ್ದನ್ನು ಹಿಡಿದುಕೊಂಡು ಅರ್ಧ ಗೆದ್ದೆ ಎಂದು ವಾದ ಮಾಡಿದರು. ಹಾಗಾಗಿ ಮಂಡಕ್ಕಿ ಅವರು ಒಗ್ಗರಣೆ ಹಾಕುವುದು, ಮಿರ್ಚಿ ತಮ್ಮ ಕರಿಯುವುದು ಎಂದು ತೀರ್ಮಾನ ಆಗಿದೆ.

ಚಿನಿವಾರ
ಅಕ್ಕ, ಆ 1921ರ ನಾಣ್ಯ ಕೊಡುವುದಾದರೆ ನನಗೆ ಹೇಳಿ. ಮೊಮ್ಮಗ ನಾಣ್ಯ ಕೂಡಿಡುತ್ತಾನೆ. ಬೆಲೆ ಬಾಳುತ್ತದೆಂದಲ್ಲ, ಸುಮ್ನೆ ಆಸೆ.

ಬೆಣ್ಣೆದೋಸೆ_ಅಕ್ಕ
ಕೊಡುತ್ತಿದ್ದೆ ಸಾರ್. ನಿನ್ನೆ ನನ್ನ ಮಗ ಕೇರಂ ಆಡುವಾಗ ಒಂದು ಕಾಯಿ ಕಮ್ಮಿ ಬಿತ್ತೆಂದು ಅದನ್ನು ಇಟ್ಟುಕೊಂಡು ಆಡಿದ್ದಾನೆ. ಈಗ ಸೋಫಾ ಎತ್ತಿ ಹುಡುಕುತ್ತಿದ್ದೇವೆ.